ಮೊದಲ ತೀರ್ಥ

ಸೋಮವಾರ ಬೆಳಗ್ಗೆ ಹತ್ತಕ್ಕೆ ಹೊಳೆದಂಡೆಯ ನಾರಾಯಣ ಗುಡಿಯ ಪಾರುಪತ್ತೇದಾರ ಅನಂತರಾಮು ಶ್ರೀರಂಗಪಟ್ಟಣ ಠಾಣೆಗೆ ಬಂದು ದೂರು ಕೊಟ್ಟರು. ಜೊತೆಗೆ ಬಂದಿದ್ದ ಭಕ್ತೆ ಪುಟ್ಟಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ.

“ಮೊಮ್ಮಗಳ ಹೆಸ್ರಲ್ಲಿ ಮೊಬೈಲ್ನಲ್ಲಿ ಅರ್ಚನೆ ಬರ್ಸಿದ್ದೆ ಸಾಮಿ. ಐನೋರು ಯಾರ್ದೋ ಹೆಸ್ರು ಕೂಗ್ಬುಟ್ರು. ಅಡ್ರೆಸ್ಸೇ ತಪ್ಪೋದ್ರೆ ದೇವ್ರು ಯಾರ ಮನೆಗೆ ಓಗ್ಬೇಕು?”

ಸೇವೆ ಬರೆಸುವ ಗುಡಿಯ ವೆಬ್‌ಸೈಟಿನ ಸೇವಾಪುಟ ಭಕ್ತರ ಹೆಸರುಗಳನ್ನು ಅದಲುಬದಲು ಮಾಡುತ್ತಿತ್ತು. ಅದನ್ನು ಕಟ್ಟಿದವಳು ಗುಡಿಗೆ ಹೊಸದಾಗಿ ಸೇರಿದ್ದ ಪ್ರಜ್ಞ. ಅವಳನ್ನು ಕೆಲಸದಿಂದ ತೆಗೆಯಲು ಗುಡಿಯವರು ಆಗಲೇ ತೀರ್ಮಾನಿಸಿದ್ದರು. ಇನ್ಸ್‌ಪೆಕ್ಟರ್ ನಂಜಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಮಮತಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು.

ಬ್ರೌಸರಿನೊಳಗೇ ತಪ್ಪು ಹುಡುಕುವ ಕಿಟಕಿಯೊಂದಿದೆ. ಮಮತ ಅದನ್ನು ತೆರೆದು ಒಂದು ಸಾಲಿಗೆ ಬ್ರೇಕ್‌ಪಾಯಿಂಟ್ ಇಟ್ಟಳು. ಕಾಲುವೆಗೆ ತೂಬು ಇಳಿಸಿದಂತೆ, ಓಡುತ್ತಿದ್ದ ಕೋಡು ಅಲ್ಲೇ ನಿಂತಿತು.

“ಬೇಕಂತ್ಲೇ ಮಾಡವ್ರೆ ಸಾ. ಈಗ ಬರ್ಸಿದವ್ರ ಜಾಗಕ್ಕೆ ಅವ್ರಿಗಿಂತ ಮುಂಚೆ ಬರ್ಸಿದವ್ರ ಹೆಸ್ರು ಕೂರ್ತದೆ. ಆದ್ರೆ ತಿಂಗ್ಳಿಗೆ ಎರಡು ದಿನ ಈ ಕಿತಾಪತಿ ಬ್ಯಾಡ ಅಂತಾನೂ ಬರ್ದವ್ರೆ.”

“ಯಾವ್ಯಾವ ದಿನ?”

ಮಮತ ಓದುತ್ತ ಹೋದಳು. ನಂಜಪ್ಪ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟರು. ಎಲ್ಲವೂ ಏಕಾದಶಿ.

“ಕಳ್ಳಂಗೂ ಉಪವಾಸ ಕಣಮ್ಮ,” ಎಂದರು.

ಮರುದಿನವೇ ಏಕಾದಶಿ. ನಂಜಪ್ಪ ಗುಡಿಯ ಕಚೇರಿಗೆ ಹೋಗಿ ಎಲ್ಲರಿಗೂ ಕಾಫಿ ತರಿಸಿದರು. ಅತ್ತು ಕಣ್ಣು ಊದಿಸಿಕೊಂಡಿದ್ದ ಪ್ರಜ್ಞ ಕುಡಿದಳು. ಹಳೆಯ ಪುಟವನ್ನು ಮಾಡಿದ್ದ ಹಿರಿಯ ಗುಮಾಸ್ತ ಸುಶಮೀಂದ್ರ ಲೋಟವನ್ನು ಪಕ್ಕಕ್ಕೆ ಸರಿಸಿದರು.

“ಇವತ್ತು ನೀರೂ ಮುಟ್ಟಲ್ಲ, ಸಾರ್.”

“ಭಕ್ತರ ಹೆಸ್ರೂ ಮುಟ್ಟಲ್ಲ. ಅಲ್ವರಾ?”

ಪಂಚರ ಎದುರಿನಲ್ಲಿ ಪಂಚನಾಮೆ ನಡೆಯಿತು. ಸುಶಮೀಂದ್ರರ ಕಂಪ್ಯೂಟರಿನಲ್ಲಿ ಅದೇ ಸಾಲುಗಳಿದ್ದವು. ಸಂಜೆ ನಾಲ್ಕಕ್ಕೆ ಬಂಧನವಾಯಿತು.

“ಪ್ರಜ್ಞ ನಿಮಗೇನು ಮಾಡಿದ್ಲು?”

“ಏನೂ ಇಲ್ಲ. ಮಂಗಳಾರತಿ ಆದಮೇಲೆ ಮೊದಲ ತೀರ್ಥ ನನಗೇ ಕೊಡೋರು. ಅವಳ ಪುಟ ಶುರುವಾದ ದಿನ ಅರ್ಚಕರು ನನ್ನ ದಾಟಿ ಅವಳಿಗೆ ಕೊಟ್ಟರು. ನಾನು ಆಗಲೇ ಕೈ ಚಾಚಿದ್ದೆ, ಸಾರ್.”

ದ್ವಾದಶಿಯ ಬೆಳಗ್ಗೆ ಅವರನ್ನು ನ್ಯಾಯಾಲಯಕ್ಕೆ ಕರೆದೊಯ್ಯಬೇಕಿತ್ತು. ಉಪವಾಸ ಇನ್ನೂ ಮುರಿದಿರಲಿಲ್ಲ. ಅಷ್ಟರಲ್ಲಿ ಪ್ರಜ್ಞ ಠಾಣೆಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಗುಡಿಯ ಪುಟ್ಟ ಪಂಚಪಾತ್ರೆ.

“ಅರ್ಚಕರನ್ನ ಕೇಳಿ ತಂದೆ. ಇನ್ನೂ ಯಾರಿಗೂ ಕೊಟ್ಟಿಲ್ಲ.”

ಸುಶಮೀಂದ್ರರಿಗೆ ಕೈ ಚಾಚಲು ಬಹಳ ಹೊತ್ತು ಹಿಡಿಯಿತು. ಜೀಪು ಹೊರಡಲು ಸಿದ್ಧವಿತ್ತು. ನಂಜಪ್ಪ ಟೋಪಿ ತೆಗೆದು ಕಾದರು.