ಸುಳ್ಳಪ್ಪಂದಿರು ನುಂಗಿದ ಆಲೂಗಡ್ಡೆ

ಹಾಸನ ಜಿಲ್ಲೆಯಲ್ಲಿ ಬುದ್ಧಿವಂತರು ಇಬ್ಬರೇ. ಒಬ್ಬರು ಹೊಳೆನರಸೀಪುರದ ಲಕ್ಷ್ಮೀದೇವಮ್ಮನವರು. ಇನ್ನೊಬ್ಬ ಅವರನ್ನು ಆಟೋದಲ್ಲಿ ಕರೆದೊಯ್ಯುವ ನಾನು, ದೊಡ್ಡಯ್ಯ. ಉಳಿದವರು ಜನಗಣತಿಗೆ ಸೇರಿದವರು. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷ ಕಳ್ಳ ಕಾಗದ ಹಿಡಿದ ಅಮ್ಮಾವ್ರು, ನಿವೃತ್ತರಾದ ಮೇಲೆ ಕಳ್ಳ ಮನುಷ್ಯರನ್ನು ಹಿಡಿಯುತ್ತಿದ್ದರು.

೨೦೦೪ರ ದಸರಾ ಕಳೆದ ಮೂರನೆಯ ಬೆಳಿಗ್ಗೆ ಪಕ್ಕದ ಬೀದಿಯ ತನ್ಮಯಿ ಅಮ್ಮಾವ್ರ ಮನೆಗೆ ಅಳುತ್ತಾ ಬಂದಳು. ಹಾಸನದ ಶಶಿಕಿರಣ್ ಎಂಬ ಮಹಾಶಯನ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿ ಅವಳು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು.

"ಅತ್ತೆ, ಆರು ಸಾವಿರ ರೈತರ ಹೆಸರು ಅಳಿಸಿಹೋಗಿದೆ. ಯಾರ ಮೂಟೆ ಎಲ್ಲಿದೆ ಅಂತಾನೇ ಗೊತ್ತಿಲ್ಲ. ನಾನೇ ಬೇಕಂತ ಅಳಿಸಿದೆ ಅಂತ ಐದು ಗಂಟೆಯೊಳಗೆ ಬರೆದುಕೊಡಬೇಕಂತೆ, ಇಲ್ಲದಿದ್ರೆ ಪೊಲೀಸ್ ಕಂಪ್ಲೇಂಟು. ಬರೆದುಕೊಟ್ರೆ ಇನ್ಯಾರು ನನಗೆ ಕೆಲಸ ಕೊಡ್ತಾರೆ?"

"ಅಳೋದು ಆಮೇಲೆ. ನಿನ್ನ ಮೇಲೇ ಯಾಕೆ ಅನುಮಾನ?"

"ಪ್ರೋಗ್ರಾಂ ಸರಿ ಇದೆಯಾ ಅಂತ ನಾನು ಮಾಡೋ ಪರೀಕ್ಷೆಯಿಂದ. ಸರ್ವರ್ ಪೆಟ್ಟಿಗೆ ಎರಡಿವೆ, ಅವಳಿ ಥರ. ಹೆಸರು, ಪಾಸ್‌ವರ್ಡ್ ಎಲ್ಲ ಒಂದೇ. ಅಸಲು ಪೆಟ್ಟಿಗೆಗೆ ಕೌಂಟರಿನ ನೀಲಿ ವೈರು. ಪರೀಕ್ಷೆ ಪೆಟ್ಟಿಗೆಗೆ ನನ್ನ ಮೆಷಿನ್ನಿನ ಹಳದಿ ವೈರು. ದಿನಾ ಮಧ್ಯಾಹ್ನ ಒಂದಕ್ಕೆ, ರಜವಿದ್ರೂ ಸರಿ, ನನ್ನ ಪರೀಕ್ಷೆ ತಾನಾಗೇ ಓಡುತ್ತೆ. ಮೊದಲು ಡೇಟಾಬೇಸ್ ಖಾಲಿ ಮಾಡಿ ಸುಳ್ಳು ರೈತರನ್ನ ತುಂಬುತ್ತೆ. ಆಮೇಲೆ ಎಸ್‌ಕ್ಯೂಎಲ್ ಅನ್ನೋ ಕಂಪ್ಯೂಟರ್ ಭಾಷೇಲಿ ಪ್ರಶ್ನೆ ಕೇಳಿ, ಉತ್ತರ ಸರಿ ಇದೆಯಾ ನೋಡುತ್ತೆ."

ಅಮ್ಮಾವ್ರು ಚಪ್ಪಲಿ ಮೆಟ್ಟಿದರು. ನಾನು ಹಾಸನಕ್ಕೆ ಆಟೋ ಬಿಟ್ಟ ವೇಗಕ್ಕೆ ದಾರಿಯ ಮೈಲಿಗಲ್ಲುಗಳು ಪಕ್ಕಕ್ಕೆ ಸರಿದು ನಿಂತವು.

ಅಲ್ಲಿ ಜಗಲಿ ತುಂಬ ರೈತರು. ಮಲ್ಲಿಪಟ್ಟಣದ ಶಿವಯ್ಯ ಕೂಗಾಡುತ್ತಿದ್ದ: "ಬಿತ್ನೆ ಒತ್ತು ಮೀರೋಯ್ತದೆ ಸಾ! ನನ್ ಮೂಟೆ ಯಾವ್ ಮೂಲೇಲೈತೆ, ಯೋಳಿ!"

"ಕಂಪೂಟ್ರುನ್ನೇ ಕೇಳ್ಕಳಪ್ಪ. ನಾನ್ ಬರ್ದಿದ್ದ ಪುಸ್ತಕವ ರದ್ದಿಗಾಕ್ಬುಟ್ರು," ಎಂದು ಹಳೆಯ ಗುಮಾಸ್ತ ಪರಮಶಿವಯ್ಯ ಹಲ್ಲು ಕಿರಿದ. ಅವನ ಹಣೆಯ ಮೂರು ವಿಭೂತಿ ಗೆರೆಗಳು ಸ್ಕೇಲಿಟ್ಟು ಎಳೆದಂತಿದ್ದವು. ಕೌಂಟರಿನ ಪರದೆಯ ಮೇಲೆ ಸುಳ್ಳಪ್ಪ ಒಂದು, ಸುಳ್ಳಪ್ಪ ಎರಡು, ಹೀಗೆ ಸುಳ್ಳಪ್ಪ ನಲವತ್ತರವರೆಗೆ ಸಾಲುಗಟ್ಟಿದ್ದರು.

ಶಶಿಕಿರಣ್ ಬಂದ, ಮೊದಲು ಹೊಟ್ಟೆ, ಹಿಂದಿನಿಂದ ಮನುಷ್ಯ. "ಮೆಷಿನ್ನಿಗೂ ಪರೀಕ್ಷೆ ಮಾಡ್ತಾಳಂತೆ ಇವ್ಳು! ಓಡ್ಸಿ ಓಡ್ಸಿ ಎಲ್ಲಾ ನುಂಗ್ಬುಟ್ಳು," ಎಂದು ತನ್ಮಯಿಯತ್ತ ಬಲಗೈ ಚಾಚಿದ. ಗೇಟಿಗೆ ಸಿಕ್ಕಿ ಹಿಂದೆಂದೋ ಮುರಿದಿದ್ದ ನಡುಬೆರಳು ಮಾತ್ರ ಅರ್ಧ ಮಡಿಸಿಕೊಂಡೇ ಇತ್ತು.

"ಹಬ್ಬದಲ್ಲಿ ಸರ್ವರ್ ಕೋಣೆಗೆ ಯಾರು ಹೋಗಿದ್ರು?" ಎಂದು ಅಮ್ಮಾವ್ರು ಕೇಳಿದರು.

"ಯಾರೂ ಇಲ್ಲಮ್ಮ," ಎಂದ ಶಶಿಕಿರಣ್.

ಕೋಣೆಯಲ್ಲಿ ಎರಡೂ ಪೆಟ್ಟಿಗೆಗಳ ಮುಖಕ್ಕೆ ವಿಭೂತಿ ಬಳಿದಿತ್ತು. ಮೇಲಿನ ಗೆರೆ, ಕೆಳಗಿನ ಗೆರೆ ಉದ್ದ. ನಡುವಿನದು ಅರ್ಧಕ್ಕೇ ನಿಂತಿತ್ತು. ಅದನ್ನು ಮೊದಲು ಕಂಡವನು ನಾನೇ. ಅರ್ಥ ಮಾಡಿಕೊಂಡವರು ಅಮ್ಮಾವ್ರು, ಅದೊಂದು ಸಣ್ಣ ವಿಷಯ.

ನಾಲ್ಕು ಗಂಟೆಗೆ ಅವರು ಎಲ್ಲರನ್ನೂ ಆ ಕೋಣೆಯ ಬಾಗಿಲಿಗೆ ಕರೆಸಿದರು. ಒದ್ದೆ ಬಟ್ಟೆಯಿಂದ ಒಂದು ಪೆಟ್ಟಿಗೆಯ ಮುಖ ಒರೆಸಿದರು. ವಿಭೂತಿಯ ಅಡಿಯಿಂದ ಚೀಟಿ ಎದ್ದು ಬಂತು: 'ಅಸಲು.'

"ದೊಡ್ಡಯ್ಯ, ಇದರ ಬೆನ್ನಿಗೆ ಯಾವ ವೈರಿದೆ?"

"ಹಳದಿ, ಅಮ್ಮಾವ್ರೇ!" ನನ್ನ ದನಿ ಹತ್ತು ಮೈಲಿ ಆಚೆಯ ದೊಡ್ಡಗದ್ದವಳ್ಳಿಗೆ ಕೇಳಿಸಿರಬೇಕು.

"ಹಳದಿ ಇರಬೇಕಾದ್ದು ಪರೀಕ್ಷೆ ಪೆಟ್ಟಿಗೆಗೆ. ಆಯುಧಪೂಜೆ ದಿನ ಯಾರೋ ಎರಡರ ವೈರೂ ಕಿತ್ತು, ಪೆಟ್ಟಿಗೆ ಒರೆಸಿ, ಚೀಟಿ ಮೇಲೇ ವಿಭೂತಿ ಬಳಿದರು. ಆಮೇಲೆ ಯಾವುದು ಯಾವುದಂತ ತಿಳೀದೆ ಅಂದಾಜಿಗೆ ಚುಚ್ಚಿದರು. ಒಂದು ಗಂಟೆಗೆ ಪರೀಕ್ಷೆ ತನ್ನ ದಿನನಿತ್ಯದ ಕೆಲಸ ಮಾಡಿತು. ಎದುರಿಗೆ ಸಿಕ್ಕಿದ್ದು ಅಸಲು. ನೀಲಿ ವೈರು ಪರೀಕ್ಷೆ ಪೆಟ್ಟಿಗೆಗೆ ಹೋಗಿದ್ದರಿಂದಲೇ ಕೌಂಟರಿಗೆ ಸುಳ್ಳಪ್ಪಂದಿರು ಬಂದರು. ತನ್ಮಯಿಯ ಪರೀಕ್ಷೆ ಒಂದಕ್ಷರ ತಪ್ಪಿಲ್ಲ."

"ಪರಮಶಿವಯ್ಯ ಮಾಡಿರ್ಬೇಕು! ಅವ್ನಿಗೆ ಕಂಪ್ಯೂಟ್ರು ಕಂಡ್ರಾಗಲ್ಲ," ಎಂದು ಶಶಿಕಿರಣ್ ಹಾರಿದ.

"ಅವರ ಹಣೆ ನೋಡಪ್ಪ, ಮೂರೂ ಗೆರೆ ಪೂರ್ತಿ. ಇನ್ನೊಂದು ಪೆಟ್ಟಿಗೆ ಮೇಲೆ ನಡುಗೆರೆ ಅರ್ಧ. ಪೂರ್ತಿ ಚಾಚದ ನಡುಬೆರಳು ಇಲ್ಲಿ ಒಬ್ಬರದೇ."

ಶಶಿಕಿರಣ್ ಕೈಯನ್ನು ಜೇಬಿಗೆ ತುರುಕಿದ. "ಪೂಜೆ ಮಾಡೋದು ತಪ್ಪಾ?"

"ಪೂಜೆ ತಪ್ಪಲ್ಲ. ಆದರೆ ತನ್ನ ತಪ್ಪು ಗೊತ್ತಿಲ್ಲದವನು ತಾನು ಮಾಡಿದ ಪೂಜೆಯನ್ನ ಮುಚ್ಚಿಡೋದಿಲ್ಲ. ಯಾರೂ ಹೋಗಿಲ್ಲ ಅಂದೆಯಲ್ಲ, ಅಲ್ಲೇ ಸಿಕ್ಕಿಬಿದ್ದೆ. ಹುಡುಗಿಯ ಬಾಳು ನಿನಗೆ ಕೈ ಒರೆಸೋ ಬಟ್ಟೆಯಾ?"

"ಥೂ, ನಿನ್ ಯಜಮಾನ್ಕೆಗಷ್ಟು," ಎಂದ ಶಿವಯ್ಯ. ಜಗಲಿಯೇ ಥೂ ಎಂದಿತು.

ತಪ್ಪು ತನ್ನದೆಂದು ಶಶಿಕಿರಣ್ ಅಲ್ಲೇ ಬರೆದು ಸಹಿ ಹಾಕಿದ. ತನ್ಮಯಿ ಎರಡು ಸಲ ಓದಿ ಕಾಗದವನ್ನು ಚೀಲಕ್ಕಿಟ್ಟಳು.

"ನಾಳೆಯಿಂದ ಮಾಮೂಲಿನಂಗೆ ಬಂದ್ಬುಡಮ್ಮ," ಎಂದು ಅವನು ಹಲ್ಲು ಗಿಂಜಿದ.

"ಇವರ ಹೆಸರೆಲ್ಲ ತುಂಬೋವರೆಗೆ ಬರ್ತೀನಿ ಸರ್, ಇವರಿಗೋಸ್ಕರ. ಆಮೇಲೆ ನೀವು ಬೇರೆಯವರನ್ನ ಹುಡುಕ್ಕೊಳ್ಳಿ."

ಅವಳು ವೈರುಗಳನ್ನು ಅದಲುಬದಲು ಮಾಡಿ ಸರಿಯಾದ ಪೆಟ್ಟಿಗೆಗೆ ಚುಚ್ಚಿ, ಕೌಂಟರಿಗೆ ಹೋಗಿ ಕುಳಿತಳು. "ಮೂಟೆ ಇಟ್ಟಾಗ ನಂಬರು ಹಾಕಿ ಕೊಟ್ಟ ಚೀಟಿ ಯಾರ್ಯಾರ ಹತ್ರ ಇದೆ? ಅದರಿಂದಲೇ ಮತ್ತೆ ತುಂಬೋಣ."

ಜಗಲಿ ತುಂಬ ಕೈಗಳು ಮೇಲೆದ್ದವು.