ಕೆಂಪು ಡಬ್ಬಿ ಮತ್ತು ಒಬ್ಬ ಹಿತೈಷಿ

“ಎಂಟನೇ ಕ್ಲಾಸು ಮುಗಿಸದವನ ಕೈಗೆ ಇಡೀ ಬೀದಿಯ ಮರ್ಯಾದೆ ಕೊಟ್ಟೆನಲ್ಲ, ತಪ್ಪು ನಂದೇ,” ಎಂದರು ಮೇಷ್ಟ್ರು.

ವಾಚನಾಲಯದ ಉದ್ದ ಮೇಜಿನ ಸುತ್ತ ಕೂತವರು, ಜಾಗ ಸಿಗದೆ ಕಪಾಟಿಗೆ ಒರಗಿ ನಿಂತವರು, ಎಲ್ಲರೂ ಮೊಂಡನ ಕಡೆ ತಿರುಗಿದರು.

“ಶಾಲೇಲಿ ಇವನಿಗೆ ಮೊಂಡ ಅಂತ ಹೆಸರಿಟ್ಟವನೇ ನಾನು. ಸರಿಯಾಗೇ ಇಟ್ಟಿದ್ದೆ.”

ಯಾರೋ ಕಿಸಕ್ಕನೆ ನಕ್ಕರು. ಒಬ್ಬರು ನಕ್ಕ ಮೇಲೆ ಉಳಿದವರಿಗೂ ಧೈರ್ಯ ಬಂತು. ಮೊಂಡನ ಕಿವಿ ಕಾದ ಬಾಣಲೆಯಂತಾಯಿತು. ನಕ್ಕವರ ಮುಖ ಒಂದೊಂದಾಗಿ ನೆನಪಿಟ್ಟುಕೊಂಡ. ಬೆಂಚಿನ ತುದಿಯಲ್ಲಿ ಕೂತಿದ್ದ ಬೇಕರಿಯ ಅಕ್ಕ ಮಾತ್ರ ನಗಲಿಲ್ಲ. ಆದರೆ ಅವನ ಮುಖವನ್ನೂ ನೋಡಲಿಲ್ಲ. ಅವನಿಗೆ ಚುಚ್ಚಿದ್ದು ಅದೇ.

ನಡೆದದ್ದು ಇಷ್ಟು. ಆ ಬೀದಿಗೆ ಒಂದು ಬ್ಲಾಗಿತ್ತು. ನೀರು ಯಾವಾಗ ಬರುತ್ತದೆ, ಯಾರ ಬೆಕ್ಕು ಕಳೆದಿದೆ, ಯಾವ ಚರಂಡಿ ಕಟ್ಟಿಕೊಂಡಿದೆ ಎಂಬುದರಿಂದ ಹಿಡಿದು ಬೀದಿಯವರ ಬದುಕಿನ ಕತೆಗಳವರೆಗೆ ಎಲ್ಲವೂ ಅಲ್ಲಿ ಬರುತ್ತಿತ್ತು. ಶುರು ಮಾಡಿದವರು ನಿವೃತ್ತ ಮೇಷ್ಟ್ರು. ದುಡಿಯುತ್ತಿದ್ದವನು ಮೊಂಡ. ಓದುಗರು ಬರೆದ ಕಾಮೆಂಟು ನೇರವಾಗಿ ಪ್ರಕಟವಾಗುತ್ತಿರಲಿಲ್ಲ. ಸಾಲಿನಲ್ಲಿ ಕಾದು, ಒಳಗಿನವರು ಒಬ್ಬರು ಓದಿ ಒಪ್ಪಿದರೆ ಮಾತ್ರ ಹೊರಗೆ ಬರುತ್ತಿತ್ತು. ಒಳಗಿನವರು ಮೂವರೇ: ಮೇಷ್ಟ್ರು, ಹಲ್ಲಿನ ಡಾಕ್ಟ್ರು, ಮೊಂಡ. ಮೂವರಿಗೂ ಒಂದೇ ಪಾಸ್‌ವರ್ಡು, ‘ಸಂಪಾದಕ’ ಅನ್ನುವ ಒಂದೇ ಹೆಸರು. ಯಾರು ಏನು ಮಾಡಿದರೂ ಸಂಪಾದಕ ಮಾಡಿದ ಹಾಗೆ.

ಅಕ್ಕನ ಬೇಕರಿಯ ಬಗ್ಗೆ ಮೇಷ್ಟ್ರು ಬರೆದ ಲೇಖನದ ಕೆಳಗೆ, ಹಿತೈಷಿ ಎಂಬ ಹೆಸರಿನಲ್ಲಿ ಈ ಕಾಮೆಂಟು ಕಾಣಿಸಿಕೊಂಡಿತ್ತು:

‘ಒಳಗೆ ಒಲೆಯ ಎಡಕ್ಕಿರುವ ಗೂಡಿನಲ್ಲಿ ಇಲಿ ಪಾಷಾಣದ ಕೆಂಪು ಡಬ್ಬಿ ಇದೆ. ಹಿಟ್ಟು ಕಲಸುವ ಕೈ ಅದಕ್ಕೆ ತಾಗುತ್ತದೆ. ನಂಬದವರು ಹೋಗಿ ಕಣ್ಣಾರೆ ನೋಡಿ. ಆಮೇಲೆ ಮಕ್ಕಳಿಗೆ ಬನ್ನು ಕೊಡಿಸಿ.’

ವಿಷ ಇಟ್ಟಿಲ್ಲ ಎಂದ ಅಕ್ಕನ ಮಾತನ್ನು ಯಾರೂ ಕೇಳಲಿಲ್ಲ, ಹೋಗಿ ನೋಡಿದವರೂ ಇಲ್ಲ. ಬನ್ನು ಕೊಳ್ಳುವುದನ್ನು ಮಾತ್ರ ಎಲ್ಲರೂ ಬಿಟ್ಟರು. ಮಾಡಿದ ಬ್ರೆಡ್ಡೆಲ್ಲ ಹಸುವಿಗೆ ಹಾಕಿ ಹಾಕಿ ಸೋತು, ಅಕ್ಕ ಶಟರ್ ಎಳೆದುಬಿಟ್ಟಳು. ಇಂಥದ್ದನ್ನು ಒಪ್ಪಿ ಹೊರಗೆ ಬಿಟ್ಟವರು ಯಾರು ಎಂಬುದೇ ಈಗ ಪ್ರಶ್ನೆ. ಮೂವರೂ ನಾನಲ್ಲ ಎಂದಿದ್ದರು.

“ನಾಳಿದ್ದು ಬ್ಲಾಗಿನ ಮೊದಲ ಪುಟದಲ್ಲಿ ಇವನ ಹೆಸರು ಹಾಕಿ ಬೀದಿಯ ಕ್ಷಮೆ ಕೇಳ್ತೀನಿ,” ಎಂದರು ಮೇಷ್ಟ್ರು.

“ಶಿಕ್ಷೆ ಆಮೇಲೆ ಕೊಡೋರಂತೆ. ವಿಚಾರಣೆನೇ ಆಗಿಲ್ಲವಲ್ಲ ಇನ್ನೂ?”

ಕಿಟಕಿ ಪಕ್ಕದಿಂದ ಬಂದ ಆ ದನಿಗೆ ಮೇಷ್ಟ್ರೂ ಬಾಯಿ ಮುಚ್ಚಿದರು. ವಕೀಲಮ್ಮ ಕೋರ್ಟು ಬಿಟ್ಟು ಎಷ್ಟೋ ಕಾಲವಾಗಿತ್ತು. ಕೋರ್ಟು ಅವರನ್ನು ಬಿಟ್ಟಿರಲಿಲ್ಲ. ಬೀದಿಯಲ್ಲಿ ಏನು ಕಳೆದರೂ, ಯಾರ ಮೇಲೆ ಯಾರಿಗೆ ಗುಮಾನಿ ಬಂದರೂ, ಪೊಲೀಸ್ ಠಾಣೆಗಿಂತ ಮೊದಲು ಜನ ಅವರ ಮೆಟ್ಟಿಲು ಹತ್ತುತ್ತಿದ್ದರು. ಮಂಡಿ ನೋವಿನ ಅವರನ್ನು ಅವರದೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಓಡಾಡಿಸುವ ಕೆಲಸ ಮೊಂಡನದು. ಅವರ ಪತ್ತೆಗಳಿಗೆಲ್ಲ ಅವನೇ ಸಾಕ್ಷಿ. ಈ ಸಲ ಮಾತ್ರ ಅವನೇ ಆರೋಪಿ.

ವಕೀಲಮ್ಮನ ಮನೆಗೆ ಬಂದದ್ದೇ ಅವನು ಕೂಗಾಡಿದ. “ನಾನಲ್ಲ ಅಂತ ನಿಮಗಾದ್ರೂ ಗೊತ್ತಲ್ವಾ ವಕೀಲಮ್ಮ?”

“ಗೊತ್ತಿಲ್ಲ. ಗೊತ್ತು ಮಾಡ್ಕೋತೀನಿ. ಮೊದಲು ಕೂತ್ಕೋ, ಫ್ಯಾನಿನ ಗಾಳಿಗೆ ಅಡ್ಡ ನಿಂತಿದೀಯ.”

ಉತ್ತರ ಕಹಿಯಾಗಿತ್ತು. ಆದರೂ ಅದರಲ್ಲಿ ಸುಳ್ಳಿರಲಿಲ್ಲ. ಅವನು ಕೂತ.

ವಕೀಲಮ್ಮ ಮೊಬೈಲನ್ನು ಕನ್ನಡಕದ ಹತ್ತಿರಕ್ಕೆ ತಂದು ಲೇಖನವನ್ನು ಮೊದಲಿಂದ ಓದಿದರು. ‘ಒಲೆಯ ಮುಂದೆ ನಿಂತೆ. ಅದರ ಬಿಸಿ ನನ್ನ ಕೆನ್ನೆಗೆ ತಾಗಿತು. ಗಂಡ ಕಟ್ಟಿದ ಬೇಕರಿಯನ್ನು ಈ ತಾಯಿ ಉಳಿಸಿಕೊಂಡು ಬಂದಿದ್ದಾಳೆ...’ ಮೇಲೆ ಒಂದು ಫೋಟೋ: ಅಕ್ಕ, ಅವಳ ಹಿಂದೆ ಒಲೆಯ ಕಬ್ಬಿಣದ ಬಾಗಿಲು. ಅಷ್ಟೇ. ಕೆಳಗೆ ಅಕ್ಕನದೇ ಕಾಮೆಂಟು: ‘ಮೇಷ್ಟ್ರೇ, ಬೇಕರಿ ಕಟ್ಟಿದ್ದು ನಾನು, ನನ್ನ ಗಂಡ ಅಲ್ಲ. ನೀವು ನಮ್ಮ ಅಂಗಡಿ ಮೆಟ್ಟಿಲೇ ಹತ್ತಿಲ್ಲ. ಒಂದು ಸಲ ಬಂದು ನೋಡಿ ಬರೀರಿ.’ ಹಿತೈಷಿಯ ಮಾತು ಅದಕ್ಕೆ ಉತ್ತರದಂತೆ, ಅದರ ಅಡಿಯಲ್ಲೇ ಇತ್ತು, ಎರಡು ದಿನ ಆಮೇಲಿನ ತಾರೀಕಿನೊಂದಿಗೆ.

“ಅಕ್ಕನ ಕಾಮೆಂಟು ಒಪ್ಪಿದ್ದು?”

“ನಾನೇ. ನಿಜ ತಾನೆ ಬರೆದಿದ್ದು? ಅದಕ್ಕೂ ಮೇಷ್ಟ್ರು ಉಗಿದ್ರು, ನನ್ನ ಮಾನ ತೆಗೆದೆ ಅಂತ.”

“ಇರಲಿ. ಅವಳ ಪರವಾಗಿ ನಾನೂ ನಾಲ್ಕು ಮಾತು ಬರೆಯೋಣ ಅಂದ್ರೆ ಬರೆಯೋ ಜಾಗಾನೇ ಕಾಣ್ತಿಲ್ಲವಲ್ಲೋ?”

“ಮುಚ್ಚಿದೆ. ಅಕ್ಕನ ಕಾಮೆಂಟು ಬಂದ ದಿನಾನೇ ಮೇಷ್ಟ್ರು ಮುಚ್ಚಿಸಿದ್ರು. ಆ ಲೇಖನಕ್ಕೆ ಇನ್ನು ಯಾರೂ ಏನೂ ಬರೆಯೋ ಹಾಗಿಲ್ಲ.”

“ಹಂಗಾ,” ಎಂದರು ವಕೀಲಮ್ಮ. “ನೀವು ಕೆಲಸ ಮಾಡೋ ಒಳಗಿನ ಪುಟ ಎಲ್ಲಿ, ತೋರಿಸು.”

ಅವನು ತನ್ನ ಮೊಬೈಲು ಕೊಟ್ಟ. ಕಾಮೆಂಟುಗಳು ಒಂದರ ಕೆಳಗೊಂದು ಸಾಲಾಗಿದ್ದವು, ಪ್ರತಿಯೊಂದರ ಅಡಿಯಲ್ಲೂ ತಿದ್ದಿ, ಅಳಿಸಿ, ಉತ್ತರಿಸಿ ಎಂಬ ಮೂರು ಗುಂಡಿಗಳು. ವಕೀಲಮ್ಮ ಅದನ್ನೇ ನೋಡುತ್ತ ಕೂತರು. ಮೊಂಡನಿಗೆ ಅದ್ಯಾವುದೂ ಕಣ್ಣಿಗೆ ಬೀಳಲಿಲ್ಲ.

“ಇದು ಆ ಡಾಕ್ಟ್ರದೇ ಕೆಲಸ,” ಅವನು ಹಲ್ಲು ಕಚ್ಚಿದ. “ಬೇಕರಿಗೆ ಬಂದೋರ ಗಾಡಿ ಕ್ಲಿನಿಕ್ಕಿನ ಬಾಗಿಲಿಗೆ ಅಡ್ಡ ನಿಲ್ಲುತ್ತೆ ಅಂತ ಅಕ್ಕನ ಜೊತೆ ದಿನಾ ಜಗಳ. ಹೋಗಿ ಕೊರಳಪಟ್ಟಿ ಹಿಡೀತೀನಿ.”

“ಕೊರಳಪಟ್ಟಿ ಎಲ್ಲೂ ಓಡಿಹೋಗಲ್ಲ. ಮೊದಲು ಸ್ಕೂಟರ್ ತೆಗಿ.”

ಮೊದಲು ಹೋದದ್ದು ಸ್ಟುಡಿಯೋಗೆ. ಬ್ಲಾಗಿನ ಫೋಟೋಗಳನ್ನೆಲ್ಲ ತೆಗೆಯುತ್ತಿದ್ದವನು ಸ್ಟುಡಿಯೋದವನು. ಅವನ ಬಳಿ ಪಾಸ್‌ವರ್ಡು ಇರಲಿಲ್ಲ. ಬೇಕರಿಯ ಪೂರ್ತಿ ಫೋಟೋವನ್ನು ಅವನು ದೊಡ್ಡ ಪರದೆಯಲ್ಲಿ ತೆರೆದು ತೋರಿಸಿದ. ಎಡಗಡೆ ಗೋಡೆಯ ಗೂಡಿನಲ್ಲಿ ಒಂದು ಕೆಂಪು ಡಬ್ಬಿ. ಮುಂದೆ ಹಿಟ್ಟಿನ ಚೀಲ. ಚೀಲದ ಮೇಲಿಂದ ಡಬ್ಬಿಯ ಅರ್ಧ ಮಾತ್ರ ಕಾಣುತ್ತಿತ್ತು, ಅದರ ಮೇಲೊಂದು ಇಲಿಯ ಮುಖ.

“ಇದನ್ನ ಯಾರಿಗೆ ಕಳಿಸಿದ್ದೆ?”

“ಮೇಷ್ಟ್ರಿಗೊಬ್ಬರಿಗೇ. ಅವರು ಇವನಿಗೆ ಕಳಿಸಿದ್ರು.”

“ಅಕ್ಕ ನಡುವೆ ಬರಲಿ ಅಂತ ಎಡಗಡೆ ನಾನೇ ಕತ್ತರಿಸಿ ಹಾಕ್ದೆ,” ಎಂದ ಮೊಂಡ. “ಪೂರ್ತಿ ಫೋಟೋ ಬ್ಲಾಗಿಗೆ ಏರಿಸಲೇ ಇಲ್ಲ.”

ಕ್ಲಿನಿಕ್ಕಿಗೆ ಹೋದಾಗ ಹಲ್ಲಿನ ಡಾಕ್ಟ್ರು ಕೈಗವಸು ಕಳಚುತ್ತ ಹೊರಗೆ ಬಂದು, ಕೇಳುವ ಮೊದಲೇ ಸಿಡುಕಿದರು. “ಜಗಳ ಆಡಿದ್ದು ನಿಜ, ಗಾಡಿ ವಿಷಯಕ್ಕೆ. ಅವಳ ಒಲೆ ಯಾವ ದಿಕ್ಕಿಗಿದೆ ಅಂತಾನೂ ನನಗೆ ಗೊತ್ತಿಲ್ಲ. ಬನ್ನು ತಿಂದು ಹಲ್ಲು ಕೆಡಿಸ್ಕೊಂಡು ಬರೋರೇ ನನ್ನ ಗಿರಾಕಿಗಳು. ನಾನ್ಯಾಕೆ ಬೇಕರಿ ಮುಚ್ಚಿಸಲಿ?”

ಕೊನೆಗೆ ಬೇಕರಿ. ಅಕ್ಕ ಶಟರನ್ನು ಅರ್ಧ ಎತ್ತಿ ವಕೀಲಮ್ಮನನ್ನು ಒಳಗೆ ಕರೆದುಕೊಂಡಳು. ಮೊಂಡನಿಗೆ “ಬಾ” ಅನ್ನಲಿಲ್ಲ. ದಿನಾ ಬೆಳಿಗ್ಗೆ ಹಿಟ್ಟಿನ ಮೂಟೆ ಇಳಿಸಿ, ಮೊದಲ ಬಿಸಿ ಬನ್ನು ತಿಂದು ಹೋಗುತ್ತಿದ್ದ ಜಾಗ ಅದು. ಶಾಲೆ ಬಿಟ್ಟು ಬೀದಿಗೆ ಬಿದ್ದಾಗ “ನಾಳೆಯಿಂದ ಬಾರೋ” ಅಂದವಳು ಅವಳೊಬ್ಬಳೇ. ಅವನು ಹೊರಗೇ ಸ್ಕೂಟರಿಗೆ ಒರಗಿ ನಿಂತ. ಮಾತು ಮಾತ್ರ ಕೇಳುತ್ತಿತ್ತು.

“ಒಲೆ ಹತ್ತಿರ ಯಾರ್ಯಾರು ಬರ್ತಾರೆ?”

“ಯಾರನ್ನೂ ಬಿಡಲ್ಲ. ನಡುವೆ ಗೋಡೆ ಇದೆಯಲ್ಲ, ಗಿರಾಕಿಗಳಿಗೆ ಏನೂ ಕಾಣಲ್ಲ. ಫೋಟೋದೋನು ಒಂದು ಸಲ ಬಂದಿದ್ದ. ಇನ್ನು...” ದನಿ ತಗ್ಗಿತು. “ಆ ಹೊರಗೆ ನಿಂತಿರೋನು. ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ, ನೀವೇ ಹೇಳಿ. ಮನೆಮಗನ ಹಾಗೆ ಬಿಟ್ಕೊಂಡಿದ್ದೆ.”

ಮೊಂಡ ಸ್ಕೂಟರಿನ ಸೀಟಿನ ಹರಿದ ಅಂಚನ್ನು ಕಿತ್ತು ಕಿತ್ತು ಕೈತುಂಬ ಸ್ಪಂಜು ಮಾಡಿಕೊಂಡ.

ಮಾರನೇ ದಿನ ವಕೀಲಮ್ಮ ಎಲ್ಲರನ್ನೂ ಬೇಕರಿಗೇ ಕರೆಸಿದರು. ಗಾಜಿನ ಕಪಾಟುಗಳು ಖಾಲಿ. ವಾಚನಾಲಯದಲ್ಲಿ ನಕ್ಕವರೆಲ್ಲ ತಪ್ಪದೆ ಬಂದಿದ್ದರು. ಒಳಗೆ ಹೋಗುವ ಬಾಗಿಲಿಗೆ ಅಡ್ಡವಾಗಿ ವಕೀಲಮ್ಮ ಕುರ್ಚಿ ಹಾಕಿಕೊಂಡರು.

“ಎಲ್ಲರೂ ಕೇಳ್ತಿರೋದು ಒಂದೇ ಪ್ರಶ್ನೆ, ಆ ಕಾಮೆಂಟನ್ನ ಒಪ್ಪಿದವರು ಯಾರು ಅಂತ. ಪ್ರಶ್ನೆನೇ ತಪ್ಪು. ಅದನ್ನ ಯಾರೂ ಒಪ್ಪಿಲ್ಲ.”

ಗುಜುಗುಜು ಎದ್ದಿತು.

“ಹಿತೈಷಿ ಬರೆಯೋ ಹೊತ್ತಿಗೆ ಆ ಲೇಖನದ ಕಾಮೆಂಟು ಮುಚ್ಚಿತ್ತು. ನಿಮ್ಮ ಮೊಬೈಲಲ್ಲೇ ನೋಡಿ, ಬರೆಯೋ ಜಾಗ ಇಲ್ಲ. ಹೊರಗಿನವರು ಬರೆಯೋಕೇ ಆಗದಿದ್ದ ಮೇಲೆ ಸಾಲಿನಲ್ಲಿ ಕಾಯೋದೆಲ್ಲಿ, ಒಪ್ಪೋದೆಲ್ಲಿ? ಆದ್ರೆ ಸಂಪಾದಕರ ಪುಟದಲ್ಲಿ ‘ಉತ್ತರಿಸಿ’ ಅನ್ನೋ ಗುಂಡಿ ಯಾವಾಗಲೂ ಇರುತ್ತೆ. ಅಲ್ಲಿ ಬರೆದ್ರೆ ಯಾರ ಒಪ್ಪಿಗೆಯೂ ಬೇಡ. ಆಮೇಲೆ ತಿದ್ದಿ ಹೆಸರು ಹಿತೈಷಿ ಅಂತ ಮಾಡಿದ್ರೆ ಮುಗೀತು. ಬರೆದವರಿಗೆ ಬಾಗಿಲು ಮುಚ್ಚಿರೋದೇ ನೆನಪಿರಲಿಲ್ಲ. ಒಳಗೆ ಕೂತೋರಿಗೆ ಅದು ತೆರೆದೇ ಕಾಣುತ್ತೆ.”

ಮೊಂಡನಿಗೆ ತಲೆ ಮೇಲೆ ಯಾರೋ ಮೊಟಕಿದಂತಾಯಿತು. ಮೇಷ್ಟ್ರು ಹೇಳಿದಂತೆ ಕಾಮೆಂಟಿನ ಬಾಗಿಲು ಮುಚ್ಚಿದ್ದು ಅವನ ಕೈಯೇ. ಒಪ್ಪಿದ್ದು ನಾನಲ್ಲ, ನಾನಲ್ಲ ಎಂದು ಅರಚುವುದರಲ್ಲಿ ಅದೇ ಅವನಿಗೆ ಹೊಳೆದಿರಲಿಲ್ಲ.

“ಹಾಗಾದ್ರೆ ಬರೆದವರು ಮೂವರಲ್ಲಿ ಒಬ್ಬರು,” ವಕೀಲಮ್ಮ ಮುಂದುವರಿಸಿದರು. “ಅವರಿಗೆ ಡಬ್ಬಿಯ ಬಣ್ಣ ಗೊತ್ತು, ಒಲೆಯ ಎಡಕ್ಕಿರೋ ಗೂಡು ಗೊತ್ತು. ಒಂದೋ ಒಳಗೆ ಬಂದಿರಬೇಕು, ಇಲ್ಲ ಕತ್ತರಿಸದ ಫೋಟೋ ನೋಡಿರಬೇಕು. ಡಾಕ್ಟ್ರು ಒಳಗೆ ಬಂದಿಲ್ಲ, ಆ ಫೋಟೋ ಅವರಿಗೆ ಹೋಗಿಲ್ಲ. ಸ್ಟುಡಿಯೋದವನು ಎರಡನ್ನೂ ನೋಡಿದಾನೆ, ಆದ್ರೆ ಅವನ ಹತ್ರ ಪಾಸ್‌ವರ್ಡಿಲ್ಲ. ಉಳಿದವರು ಇಬ್ಬರು.”

“ಇಬ್ಬರಲ್ಲಿ ದಿನಾ ಇಲ್ಲಿಗೆ ಬರೋನು ಅವನೇ,” ಎಂದರು ಮೇಷ್ಟ್ರು.

“ನೀವೂ ಬಂದಿದ್ರಲ್ಲ ಮೇಷ್ಟ್ರೇ. ಒಲೆಯ ಬಿಸಿ ಕೆನ್ನೆಗೆ ತಾಗ್ತು ಅಂತ ಬರೆದಿದೀರಿ.”

ಮೇಷ್ಟ್ರು ಅಕ್ಕನ ಕಡೆ ಒಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು. “ಬರದೆ ಬರೀತೀನಾ? ಈಕೆ ಇಲ್ಲದಾಗ ಬಂದಿದ್ದೆ.”

“ಡಬ್ಬಿ ನೋಡಿದ್ರಾ?”

“ಕಣ್ಣಿಗೆ ಹೊಡೆಯೋ ಹಾಗಿತ್ತು. ಅದರ ಮೇಲೆ ಇಲಿ.”

“ಆ ಇಲಿ ಏನು ಮಾಡ್ತಿದೆ?”

“ಇಲಿ ಪಾಷಾಣದ ಡಬ್ಬಿ ಮೇಲಿನ ಇಲಿ ಇನ್ನೇನು ಮಾಡುತ್ತೆ ವಕೀಲಮ್ಮ, ಸಾಯುತ್ತೆ!” ಒಂದಿಬ್ಬರು ನಕ್ಕರು.

“ಮೊಂಡ, ನೀನು ಹೇಳು.”

“ಸೈಕಲ್ ಹೊಡೀತಿದೆ,” ಎಂದ ಮೊಂಡ.

ವಕೀಲಮ್ಮ ಕಣ್ಸನ್ನೆ ಮಾಡಿದರು. ಅಕ್ಕ ಒಳಗಿಂದ ಡಬ್ಬಿ ತಂದು ಅವನ ಕೈಗೇ ಕೊಟ್ಟಳು. ಅವಳ ಮಗಳು ಚಿಕ್ಕವಳಿದ್ದ ಕಾಲದ ಚಾಕೊಲೇಟ್ ಡಬ್ಬಿ. ಕೆಂಪು ಬಣ್ಣದ ಮೇಲೆ ಪುಟ್ಟ ಇಲಿಯೊಂದು ಬಾಲ ಹಾರಿಸುತ್ತ ಸೈಕಲ್ ತುಳಿಯುತ್ತಿತ್ತು. ಮುಚ್ಚಳ ತೆಗೆದರೆ ಒಳಗೆ ಬಿಸ್ಕತ್ತಿನ ಅಚ್ಚುಗಳು: ನಕ್ಷತ್ರ, ಚಂದ್ರ, ಮೀನು.

“ಫೋಟೋದಲ್ಲಿ ಸೈಕಲ್ಲನ್ನ ಹಿಟ್ಟಿನ ಚೀಲ ಮುಚ್ಚಿದೆ,” ಎಂದರು ವಕೀಲಮ್ಮ. “ಕಾಣೋದು ಇಲಿಯ ಮುಖ ಮಾತ್ರ. ಅದನ್ನ ವಿಷದ ಡಬ್ಬಿ ಅಂದುಕೊಳ್ಳೋನು ಫೋಟೋ ಮಾತ್ರ ನೋಡಿದೋನು. ಮೊಂಡ ದಿನಾ ನೋಡ್ತಾನೆ. ತಿಳಿದೂ ಸುಳ್ಳು ಬರೆದ ಅನ್ನೋಣ ಅಂದ್ರೆ, ಹೋಗಿ ಕಣ್ಣಾರೆ ನೋಡಿ ಅಂತ ಅವನು ಬರೀತಿರಲಿಲ್ಲ. ಒಬ್ಬರು ಬಂದು ನೋಡಿದ್ರೂ ಸುಳ್ಳು ಬಯಲಾಗ್ತಿತ್ತು. ಅಕ್ಕ ಅಂಗಡಿಗೆ ಬನ್ನಿ ಅಂತ ಬರೆದದ್ದು ಒಬ್ಬರಿಗೆ. ಆ ಒಬ್ಬರು ಬರಲಿಲ್ಲ. ಮೊಬೈಲಲ್ಲಿದ್ದ ಫೋಟೋ ತೆರೆದು ನೋಡಿ, ಅವಳ ಮಾತಿಗೆ ಅದರ ಕೆಳಗೇ ಉತ್ತರ ಬರೆದ್ರು.”

ಮೇಷ್ಟ್ರ ಮುಖ ಸುಣ್ಣವಾಯಿತು. ತಲೆ ಎತ್ತಿದಾಗ ಆ ಮುಖದಲ್ಲಿ ನಾಚಿಕೆಗಿಂತ ಸಿಟ್ಟೇ ಹೆಚ್ಚಿತ್ತು. “ವಿಷ ಅಂತಲೇ ತಿಳಿದಿದ್ದೆ, ಆಣೆಗೂ. ಊರಿಗೆಲ್ಲ ಅಕ್ಷರ ಕಲಿಸಿದೋನು ನಾನು. ಈಕೆ ಎಲ್ಲರೆದುರು ನನ್ನನ್ನ ಸುಳ್ಳುಗಾರ ಮಾಡಿದ್ಲು. ಇವನು ಅದನ್ನ ಒಪ್ಪಿ ಹೊರಗೆ ಬಿಟ್ಟ.”

“ಅದಕ್ಕೇ ನಿಮ್ಮ ತಪ್ಪನ್ನ ಅವನ ತಲೆಗೆ ಕಟ್ಟಿದ್ರಿ,” ಎಂದರು ವಕೀಲಮ್ಮ.

“ಇವನ ತಲೆಗೆ ಕಟ್ಟಿದ್ರೆ ಎಲ್ಲರೂ ನಂಬ್ತಾರೆ ಅಂತ ಗೊತ್ತಿತ್ತು,” ಎಂದರು ಮೇಷ್ಟ್ರು. “ನಂಬಿದ್ರಲ್ಲ?”

ಕಪಾಟಿನ ಹತ್ತಿರ ನಿಂತಿದ್ದವನೊಬ್ಬ, ನಿನ್ನೆ ಎಲ್ಲರಿಗಿಂತ ಮೊದಲು ಕಿಸಕ್ಕಂದವನು, “ನನಗೆ ಆವತ್ತೇ ಡೌಟಿತ್ತಪ್ಪ” ಎಂದ. ಮೇಷ್ಟ್ರು ಮೊಂಡನ ಭುಜಕ್ಕೆ ಕೈಚಾಚಿದರು. “ಇದೆಲ್ಲ ಬ್ಲಾಗಲ್ಲಿ ಹಾಕೋಕೆ ಹೋಗಬೇಡ ಕಣೋ. ಎಷ್ಟೇ ಆಗಲಿ, ಕಲಿಸಿದೋನು ನಾನು.”

ಮೊಂಡ ಭುಜ ಸರಿಸಿಕೊಂಡ. ಮೊಬೈಲು ತೆಗೆದು, ವಕೀಲಮ್ಮ ಹೇಳಿದ್ದನ್ನೆಲ್ಲ ಅಲ್ಲೇ ನಿಂತು ಬರೆದು ಬ್ಲಾಗಿನ ಮೊದಲ ಪುಟಕ್ಕೆ ಹಾಕಿದ. ಬೇಕರಿಯಲ್ಲಿದ್ದವರ ಜೇಬುಗಳೆಲ್ಲ ಒಂದಾದ ಮೇಲೊಂದು ಟಿಣ್ ಎಂದವು. ಜನ ತಲೆ ಬಗ್ಗಿಸಿ ಓದತೊಡಗಿದರು. ಆಮೇಲೆ ಮೊಂಡ ತನ್ನ ಮೊಬೈಲಿನಿಂದ ಬ್ಲಾಗಿನ ಪಾಸ್‌ವರ್ಡನ್ನು ಅಳಿಸಿದ.

ಅಷ್ಟರಲ್ಲಿ ಅಕ್ಕ ಹತ್ತಿರ ಬಂದಳು. ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡು ಅವನ ಮುಖವನ್ನು ನೋಡಿದಳು. ನಿನ್ನೆಯಿಂದ ಅವನು ಕಾದಿದ್ದು ಆ ನೋಟಕ್ಕೇ.

“ನೀನಲ್ಲ ಅಂತ ನನ್ನ ಮನಸ್ಸು ಹೇಳ್ತಾನೇ ಇತ್ತು ಕಣೋ. ನಾಳೆ ಒಲೆ ಹಚ್ತೀನಿ. ಬೆಳಿಗ್ಗೆ ಮೂಟೆ ಇಳಿಸೋಕೆ ಬರ್ತೀಯಲ್ಲ?”

‘ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ’ ಎಂದು ನಿನ್ನೆ ಇದೇ ದನಿ ಹೇಳಿದ್ದನ್ನು ಮೊಂಡ ಹೊರಗೆ ನಿಂತು ಕೇಳಿದ್ದ. ಅಚ್ಚುಗಳು ಅಲುಗದ ಹಾಗೆ ಡಬ್ಬಿಯ ಮುಚ್ಚಳ ಹಾಕಿದ. ಸೈಕಲ್ಲಿನ ಇಲಿ ಅವಳ ಕಡೆ ಕಾಣುವಂತೆ ಅದನ್ನು ಗಾಜಿನ ಕಪಾಟಿನ ಮೇಲಿಟ್ಟ. ಅರ್ಧ ಎತ್ತಿದ್ದ ಶಟರಿನ ಕೆಳಗೆ ಬಗ್ಗಿ ಬೀದಿಗಿಳಿದ.

“ಏನಾದ್ರೂ ಹೇಳೋ...” ಒಳಗಿಂದ ಅಕ್ಕ ಕೂಗಿದಳು.

ಸ್ಕೂಟರನ್ನೂ ತೆಗೆಯದೆ ಅವನು ನಡೆದುಕೊಂಡೇ ಹೋದ.