ಹತ್ತು ಬೆರಳಿನ ಮಾಂತ್ರಿಕ

ಕಾಡುಗಳು ಇನ್ನೂ ಮಾತಾಡುತ್ತಿದ್ದ ಕಾಲ. ಸಾಲೂರು ಎಂಬ ಪುಟ್ಟ ರಾಜ್ಯವಿತ್ತು. ಕೋಟೆಗೋಡೆ ಮುಗಿದಲ್ಲಿ ರಾಜ್ಯವೂ ಮುಗಿಯುತ್ತಿತ್ತು. ಅರಸ ಮಾಚರಸನಿಗೆ ತಾಯಿಯಿಲ್ಲದ ಇಬ್ಬರು ಮಕ್ಕಳು: ಮಗ ಎರೆಗ, ಕಾಲು ಕುಂಟುವ ಪುಟ್ಟ ಮಗಳು ಪದುಮಲೆ.

ಆ ರಾಜ್ಯಕ್ಕೆ ಕರಾಳಬಾಹು ಎಂಬ ಮಾಂತ್ರಿಕ ವಕ್ಕರಿಸಿದ. ಹುಣ್ಣಿಮೆ ಬಂತೆಂದರೆ ಊರಿನವರನ್ನೆಲ್ಲ ಬಯಲಿಗೆ ಅಟ್ಟಿ, ಸುತ್ತ ಬೆಂಕಿಯ ಬಳೆ ಎಬ್ಬಿಸಿ, ಸಾಲಿಗೆ ಎಷ್ಟು ಜನವೆಂದು ಬೆರಳೆತ್ತಿ ತೋರಿಸುತ್ತಿದ್ದ. ಸಾಲುಗಳು ತುಂಬಿದ ಮೇಲೆ ಮಿಕ್ಕವರು ನರಿಯಾಗಿ ಅವನ ಸರಪಳಿಗೆ ಬೀಳಬೇಕು. ಯಾರೂ ಮಿಗದಿದ್ದರೆ ಅವನೇ ಸಾಯಬೇಕು; ಅವನ ಮಂತ್ರದ ಕಟ್ಟು ಅದು.

ಮೊದಲ ಹುಣ್ಣಿಮೆಗೆ ಏಳು ಬೆರಳೆತ್ತಿದ. ಒಬ್ಬ ಕುಂಬಾರ ಮಿಕ್ಕ. ಎರಡನೆಯ ಹುಣ್ಣಿಮೆಗೆ ಎಂಟು. ಒಬ್ಬಳು ಮುದುಕಿ ಮಿಕ್ಕಳು. ಮೂರನೆಯದಕ್ಕೆ ಒಂಬತ್ತು. ಆಗಲೂ ಒಬ್ಬಳು, ಬಸುರಿ ಹೆಂಗಸು. ಯಾರು ನಿಧಾನವೋ ಅವರೇ ಮಿಗುತ್ತಿದ್ದರು. ಕಡಿಮೆಯಾದ ತಲೆಗೆ ಬದಲಾಗಿ ಮಾಂತ್ರಿಕ ಯಾರೋ ದಾರಿಹೋಕನನ್ನು ಹಿಡಿದು ತಂದು ಕೋಟೆಯೊಳಗೆ ನೂಕುತ್ತಿದ್ದ.

ಇನ್ನು ಹತ್ತರ ಸರದಿ. ಪದುಮಲೆ ಓಡಲಾರಳು. ಈ ಸಲ ಅವಳೇ ಎಂದು ಊರಿಗೆಲ್ಲ ಗೊತ್ತಿತ್ತು; ಕೆಲವರಿಗೆ ಒಳಗೊಳಗೇ ಸಮಾಧಾನವೂ ಆಗಿತ್ತು, ಸುಳ್ಳೇಕೆ ಹೇಳಲಿ? ಎರೆಗ ಅವಳನ್ನು ಎತ್ತಿಕೊಂಡು ಓಡಬಹುದಿತ್ತು. ಓಡಿದರೆ ಇನ್ಯಾರದೋ ಮಗು ಮಿಗುತ್ತದೆ.

ಅವನು ಮನೆಮನೆ ಸುತ್ತಿ, ತನ್ನನ್ನೂ ತಂಗಿಯನ್ನೂ ಸೇರಿಸಿ, ತಲೆಗೊಂದು ಹುಣಸೆಬೀಜ ತಂದು ಅಂಗಳದಲ್ಲಿ ಸುರಿದ. ಎರಡು ಸಾವಿರದ ಐನೂರ ಇಪ್ಪತ್ತು. ಏಳರಂತೆ ಹಂಚಿದ, ಎಂಟರಂತೆ, ಒಂಬತ್ತರಂತೆ, ಹತ್ತರಂತೆ ಹಂಚಿದ. ಒಂದು ಬೀಜವೂ ಮಿಗಲಿಲ್ಲ. ಒಂದರಿಂದ ಹತ್ತರವರೆಗೆ ಎಲ್ಲದಕ್ಕೂ ಸರಿಹೋಗುವ ಸಂಖ್ಯೆಗಳಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು.

"ಹಾಗಿದ್ರೆ ಬಯಲಲ್ಲಿ ಯಾಕೆ ಒಬ್ಬರು ಮಿಗ್ತಾರೆ?"

"ಅಣ್ಣಾ, ಅಪ್ಪಾಜಿಯ ಬೀಜ ಎಲ್ಲಿ?" ಎಂದಳು ಪದುಮಲೆ.

"ಅರಸರ ತಲೆ ಎಣಿಸಬಾರದು ಪುಟ್ಟಿ, ಆಯುಷ್ಯ ಕಮ್ಮಿಯಾಗುತ್ತೆ ಅಂತಾರಲ್ಲ..."

ಎರೆಗನ ಮಾತು ಅಲ್ಲೇ ನಿಂತಿತು. ಇನ್ನೊಂದು ಬೀಜ ಇಟ್ಟ. ಈಗ ಎರಡರಿಂದ ಹತ್ತರವರೆಗೆ ಹೇಗೆ ಹಂಚಿದರೂ ಒಂದು ಮಿಕ್ಕಿತು. ಹಠ ಹಿಡಿದು ಹನ್ನೊಂದು, ಹದಿಮೂರು ಎಂದು ಮುಂದುವರಿದ; ಆ ಸಂಖ್ಯೆ ಯಾವ ಸಾಲಿಗೂ ಬಗ್ಗಲಿಲ್ಲ.

ಅರಸನ ಬಳಿಗೆ ಓಡಿದ. "ಅಪ್ಪಾಜಿ, ಮಿಗೋದು ಯಾರು ಅಂತ..."

"ಗೊತ್ತು ಮಗು." ಮಾಚರಸ ಮುಖ ತಿರುಗಿಸಿದ. "ಮೊದಲ ಹುಣ್ಣಿಮೆಗೇ ಗೊತ್ತಾಯ್ತು. ಹೆದರಿಕೆಯಾಯ್ತು."

ಎರೆಗನಿಗೆ ಅಪ್ಪನ ಮೇಲೆ ಹೇಸಿಗೆ ಹುಟ್ಟಿತು. ಬೆನ್ನು ತಿರುಗಿಸಿ ಹೊರಟುಹೋದ.

ಹುಣ್ಣಿಮೆ ಬಂತು. ಬೆಂಕಿ ಎದ್ದಿತು. ಇನ್ನು ಹೊರಗಿನವರು ಒಳಗೆ ಬರುವಂತಿಲ್ಲ. ಕರಾಳಬಾಹು ಹತ್ತೂ ಬೆರಳೆತ್ತಿದ. ಜನ ಬಿದ್ದು ಎದ್ದು ಓಡಿದರು. ಎರೆಗ ತಂಗಿಯ ಕೈ ಬಿಡಿಸಿಕೊಂಡು ಬೆಂಕಿಯ ಕಡೆ ನಡೆದ. ಒಂದು ತಲೆ ಕಡಿಮೆಯಾದರೆ ಸಾಕಲ್ಲ!

ಹಿಂದಿನಿಂದ ಯಾರೋ ಅವನ ತೋಳು ಹಿಡಿದೆಳೆದರು. ಮಾಚರಸ.

"ಮಿಗೋನು ನೀನಲ್ಲ ಕಂದ. ಅವಳ ಕೈ ಹಿಡ್ಕೊಂಡು ಸಾಲಿಗೆ ಹೋಗು."

ಅರಸ ಬೆಂಕಿಗೆ ನಡೆದ. ಕೂಗದೆ ಸತ್ತನೆಂದು ಹೇಳಲಾರೆ. ಕೂಗಿದ.

ಮಾಂತ್ರಿಕ ಸಾಲುಗಳನ್ನು ಎಣಿಸಿದ. ಯಾರೂ ಮಿಕ್ಕಿರಲಿಲ್ಲ. ಅವನ ಬೆರಳುಗಳು ಒಂದೊಂದಾಗಿ ಉದುರಿದವು, ಆಮೇಲೆ ಅವನೂ ಬೂದಿಯಾಗಿ ಉದುರಿದ. ಸರಪಳಿಯ ನರಿಗಳು ಕುಂಬಾರನಾಗಿ, ಮುದುಕಿಯಾಗಿ, ಬಸುರಿಯಾಗಿ ಎದ್ದು ಮನೆಗೆ ನಡೆದವು.

ಎರೆಗ ಪಟ್ಟಕ್ಕೆ ಬಂದ. ಜನ ಉಂಡುಟ್ಟು ನೆಮ್ಮದಿಯಾಗಿದ್ದರು. ಪದುಮಲೆಯೂ ಬೆಳೆದಳು, ನಕ್ಕಳು, ಮದುವೆಯಾದಳು. ಚಳಿಗಾಲದಲ್ಲಿ ಮಾತ್ರ ಎಷ್ಟು ಕರೆದರೂ ಒಲೆಯ ಹತ್ತಿರ ಬಂದು ಕೂರುತ್ತಿರಲಿಲ್ಲ.